ಮೂರನೇ ವಾರ್ಡಿನ ಸೊಂಟದ ಅಳತೆ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ. ಮಾನಸಿಕ ಆಸ್ಪತ್ರೆಯ ಗಂಡಸರ ಮೂರನೇ ವಾರ್ಡಿನಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಕಣ್ಣು ಪಿಳುಕಿಸಿ ಹೊತ್ತಿಕೊಳ್ಳುತ್ತಿವೆ. ನಲವತ್ತೆಂಟು ಮಂಚಗಳ ಉದ್ದನೆಯ ಕೋಣೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ. ಕೊನೆಯ ಮಂಚದ ಪಕ್ಕದಲ್ಲಿ ಒಬ್ಬ ಯುವಕ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಾನೆ. ನಿನ್ನೆ ಸಂಜೆ ಸೇರಿದವನು. ಮಲಗಿಲ್ಲ, ಕೂತಿಲ್ಲ, ಯಾರೊಡನೆಯೂ ಮಾತಾಡಿಲ್ಲ. ಹತ್ತಿರ ಹೋದವರನ್ನೆಲ್ಲ ಕಣ್ಣಲ್ಲೇ ತಡೆದು ನಿಲ್ಲಿಸುತ್ತಿದ್ದಾನೆ.

ಐವತ್ತಮೂರು ವರ್ಷದ ಹೆಂಗಸೊಬ್ಬರು ಒಂದು ಕೈಯಲ್ಲಿ ಪ್ಲಾಸ್ಟಿಕ್ ಸ್ಟೂಲು, ಇನ್ನೊಂದರಲ್ಲಿ ಪುಟ್ಟ ತಗಡಿನ ಡಬ್ಬಿ ಹಿಡಿದು ಒಳಗೆ ಬರುತ್ತಾರೆ. ಸ್ಟೂಲನ್ನು ಎಲ್ಲೆಂದರಲ್ಲಿ ಇಡುವುದಿಲ್ಲ. ಯುವಕನಿಗೂ ಬಾಗಿಲಿಗೂ ನಡುವಿನ ದಾರಿ ತೆರೆದೇ ಇರಬೇಕು. ಅಷ್ಟು ನೋಡಿಕೊಂಡು, ಆರು ಅಡಿ ದೂರದಲ್ಲಿ ಕೂತು ಡಬ್ಬಿ ತೆರೆಯುತ್ತಾರೆ. ಒಳಗೆ ಸುರುಳಿ ಸುತ್ತಿದ ಹಳದಿ ಟೇಪು. ಡಬ್ಬಿಯನ್ನು ನೆಲದ ಮೇಲೆ ಮೆಲ್ಲಗೆ ಅವನತ್ತ ಜಾರಿಸುತ್ತಾರೆ.

"ನಾನು ಟೈಲರ್ರು ಕಣಪ್ಪಾ. ಡಾಕ್ಟರೂ ಅಲ್ಲ, ಸಿಸ್ಟರೂ ಅಲ್ಲ. ನಾನು ನಿಮ್ಮನ್ನ ಮುಟ್ಟಲ್ಲ. ತಗೊಳ್ಳಿ, ನೀವೇ ಅಳೆದು ಹೇಳಿ. ನಾನು ಬರ್ಕೋತೀನಿ."

ಯುವಕ ಟೇಪನ್ನೇ ನೋಡುತ್ತಾನೆ. ಮೂರು ನಿಮಿಷ, ನಾಲ್ಕು ನಿಮಿಷ. ಆಮೇಲೆ ಬಗ್ಗಿ ತೆಗೆದುಕೊಂಡು ತನ್ನ ತಲೆಗೆ ಸುತ್ತಿಕೊಳ್ಳುತ್ತಾನೆ.

"ಇಪ್ಪತ್ತೆರಡು," ಎನ್ನುತ್ತಾನೆ.

"ತಲೆ ಇಪ್ಪತ್ತೆರಡು," ಎಂದು ಅವರು ನಿಜವಾಗಿಯೂ ಬರೆದುಕೊಳ್ಳುತ್ತಾರೆ. "ಟೋಪಿ ಹೊಲಿಯೋ ಆರ್ಡರ್ ಬಂದ್ರೆ ಬೇಕಾಗತ್ತೆ. ಈಗ ಸೊಂಟ ಒಂದು ಆಗ್ಲಿ."

ಸೊಂಟ ಮೂವತ್ತೊಂದು. ಟೇಪು ಮರಳಿ ಡಬ್ಬಿಗೆ ಸೇರುತ್ತದೆ. ಅದನ್ನು ವಾರ್ಡಿನಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ರಾತ್ರಿಯಿಡೀ ನಿಂತೇ ಇದ್ದ ಯುವಕ ಮಂಚದ ಅಂಚಿಗೆ ಕೂರುತ್ತಾನೆ. ದೂರದಲ್ಲಿ ಕೈಕಟ್ಟಿ ನಿಂತಿದ್ದ ಹಿರಿಯ ಅಟೆಂಡರ್ ಕೈ ಬಿಡಿಸಿ ಮುಂದಿನ ಮಂಚದತ್ತ ನಡೆಯುತ್ತಾರೆ. ವಾರ್ಡಿನ ದಿನ ಶುರುವಾಗುತ್ತದೆ.

ಆಸ್ಪತ್ರೆಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಇವರು ಟೈಲರಮ್ಮ. ಲಾಂಡ್ರಿಯ ಹಿಂದೆ, ಬಾಯ್ಲರಿನ ಗೋಡೆಗೆ ಅಂಟಿಕೊಂಡ ಹತ್ತಡಿ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಹೊಲಿಗೆ ಮೆಷೀನು ತುಳಿಯುತ್ತಿದ್ದಾರೆ. ದಿನಕ್ಕೆ ಎಂಟು ಹೊಸ ಪೈಜಾಮ, ಮೂವತ್ತರಿಂದ ನಲವತ್ತು ರಿಪೇರಿ, ಹರಿದ ಹಾಸುಬಟ್ಟೆ, ದಿಂಬಿನ ಚೀಲ, ಸಿಸ್ಟರುಗಳ ಕೋಟು. ಮೊದಲ ಹದಿನೆಂಟು ವರ್ಷ ಅವರು ಒಂದೇ ಒಂದು ಸಲವೂ ವಾರ್ಡಿನೊಳಕ್ಕೆ ಕಾಲಿಟ್ಟಿರಲಿಲ್ಲ. ಇಡಬೇಕೆಂದು ಯಾರೂ ಹೇಳಿರಲಿಲ್ಲ. ಅವರಿಗೂ ಅನ್ನಿಸಿರಲಿಲ್ಲ.

"ಬಟ್ಟೆ ಗಂಟು ಬರೋದು, ಹೊಲಿಯೋದು, ಗಂಟು ಹೋಗೋದು. ಹಾಕ್ಕೊಳ್ಳೋರು ಯಾರು, ಅವರ ಮುಖ ಹೆಂಗಿದೆ, ನನಗೇನು ಗೊತ್ತು? ಬೇಸಿಗೆಯಲ್ಲಿ ಬಾಯ್ಲರ್ ಕಾವು ಒಂದು ಕಡೆ, ಇಸ್ತ್ರಿ ಕಾವು ಇನ್ನೊಂದು ಕಡೆ. ಹಪ್ಪಳ ಸುಟ್ಟ ಹಾಗೆ ಸುಟ್ಟುಕೊಂಡು ಮನೆಗೆ ಹೋದ್ರೆ ಸಾಕಪ್ಪಾ ಅಂತಿದ್ದೆ," ಎನ್ನುತ್ತಾರೆ.

ಅವರು ಹೊಲಿಯುವ ವಸ್ತುಗಳಲ್ಲಿ ಇನ್ನೊಂದೂ ಇತ್ತು. ಕಟ್ಟುಪಟ್ಟಿ. ರೋಗಿ ಕೆರಳಿ ಕೈ ಮಾಡಿದಾಗ ಮಣಿಕಟ್ಟುಗಳನ್ನು ಮಂಚಕ್ಕೆ ಬಿಗಿಯಲು ಬಳಸುವ, ಒಳಗೆ ಹತ್ತಿ ತುಂಬಿದ ದಪ್ಪ ಬಟ್ಟೆಯ ಪಟ್ಟಿ. ವರ್ಷಕ್ಕೆ ನಲವತ್ತು ಜೊತೆ. ಅದನ್ನು ಹೊಲಿಯುವಾಗ ರೇಡಿಯೋ ನಿಲ್ಲಿಸುತ್ತಿದ್ದೆ, ಯಾಕೆಂದು ಈಗಲೂ ಗೊತ್ತಿಲ್ಲ ಎನ್ನುತ್ತಾರೆ.

ಈ ಕೋಣೆಯ ಕಿಟಕಿ ಸಂದರ್ಶಕರ ಬೆಂಚಿನ ಕಡೆಗೆ ತೆರೆದುಕೊಳ್ಳುತ್ತದೆ. ಮೂರು ವರ್ಷದ ಹಿಂದೆ ಒಂದು ಭಾನುವಾರ, ಹಳೆಯ ಹಾಸುಬಟ್ಟೆ ಮುಗಿಸಲೆಂದು ಬಂದಿದ್ದ ಟೈಲರಮ್ಮನಿಗೆ ಆ ಬೆಂಚಿನ ಮೇಲೆ ಮುದುಕಿಯೊಬ್ಬರು ಅಳುವುದು ಕೇಳಿಸಿತು. ಮಂಡಿನೋವಿನ ಕಾಲು ಎಳೆದುಕೊಂಡು ಪ್ರತಿ ಭಾನುವಾರ ಬರುವ ತಾಯಿ ಅವರು. ಮಗ ಗಣಿತದ ಮೇಷ್ಟ್ರು, ಮೂವತ್ತೊಂಬತ್ತು ವರ್ಷ. ಸ್ಕಿಜೋಫ್ರೇನಿಯಾ. ಮೂರನೇ ವಾರ್ಡಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದೇ ತಿಂಗಳಲ್ಲಿ ಹನ್ನೊಂದು ಸಲ ಅವರನ್ನು ಮಂಚಕ್ಕೆ ಕಟ್ಟಲಾಗಿತ್ತು. ಇನ್ನು ಹನ್ನೆರಡು ದಿನಕ್ಕೆ, ಶುಕ್ರವಾರ, ಸಮಿತಿ ಸೇರಿ ಅವರನ್ನು ಎಂಟು ತಾಸು ದೂರದ ಇನ್ನೊಂದು ಆಸ್ಪತ್ರೆಯ ಬೀಗದ ವಿಭಾಗಕ್ಕೆ ಕಳಿಸಲಿತ್ತು. ಅಲ್ಲಿಗೆ ಹೋದವರು ಸುಲಭಕ್ಕೆ ಮರಳಿ ಬರುವುದಿಲ್ಲ. ಈ ತಾಯಿಯ ಮಂಡಿಗೆ ಎಂಟು ತಾಸಿನ ಬಸ್ಸೂ ಆಗುವುದಿಲ್ಲ.

"ಸುಮ್ಮನೆ ಹೊಡೀತಾನಂತೆ ಕಣಮ್ಮಾ," ಎಂದರು ತಾಯಿ, ಕಿಟಕಿಯಾಚೆಯ ಅಪರಿಚಿತ ಮುಖಕ್ಕೆ. "ಮಕ್ಕಳಿಗೆ ಒಂದು ದಿನ ಬೆತ್ತ ತೋರಿಸಿದವನಲ್ಲ ಅವನು. ಮಾತ್ರೆ ಕೊಡೋಕೆ ಹೋದವರಿಗೇ ಹೊಡೀತಾನಂತೆ. ನನ್ನನ್ನ ಬೆತ್ತಲೆ ಮಾಡೋಕೆ ಬರ್ತಾರೆ ಅಂತಾನಂತೆ. ಅದೇ ಭ್ರಮೆ ಅಂತೆ ಅವನಿಗೆ."

ಟೈಲರಮ್ಮ ಒಂದು ಲೋಟ ನೀರು ಕೊಟ್ಟು ಕಳಿಸಿದರು. ಬೇರೇನು ಕೊಡಲು ಅವರ ಬಳಿ ಏನಿತ್ತು?

ಮರುದಿನ ರಿಪೇರಿಯ ಗಂಟು ಬಂತು. ಬಿಚ್ಚಿದರೆ, ಮೇಲೆಯೇ ಒಂದು ಜೊತೆ ಕಟ್ಟುಪಟ್ಟಿ. ಬಲಗೈಯದು ಹೊಸದರಂತಿದೆ. ಎಡಗೈಯದು ಮಾತ್ರ ಹತ್ತಿ ಹೊರಬಂದು ಚಿಂದಿಯಾಗಿದೆ. ಅಂದರೆ ಕಟ್ಟಿದ ಮೇಲೂ ಆ ಮನುಷ್ಯ ಎಡಗೈಯನ್ನು ಮಾತ್ರ ಎಳೆಯುತ್ತಲೇ ಇದ್ದಾನೆ. ಅದರ ಕೆಳಗೆ ಪೈಜಾಮಗಳು. ಒಂದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದಾಗ ಅವರ ಕೈ ನಿಂತಿತು. ಸೊಂಟಪಟ್ಟಿಯ ಎಡಬದಿಯಲ್ಲಿ ಬಟ್ಟೆ ಮುದುಡಿ, ಬೆವರಿಗೆ ಬಣ್ಣಗೆಟ್ಟು, ಐದು ಬೆರಳಿನ ಮಡಿಕೆ ಅಚ್ಚೊತ್ತಿದಂತೆ ಕೂತಿತ್ತು. ಬಾಯ್ಲರಿನಲ್ಲಿ ಕುದಿಸಿದರೂ ಹೋಗದ ಮಡಿಕೆ. ಇನ್ನೊಂದು ಹರಡಿದರು. ಅದರಲ್ಲೂ ಇದೆ. ಇಪ್ಪತ್ತರಲ್ಲಿ ಹನ್ನೊಂದು ಪೈಜಾಮಗಳಲ್ಲಿ ಆ ಮುಷ್ಟಿಯ ಗುರುತಿತ್ತು.

"ಹದಿನೆಂಟು ವರ್ಷದಿಂದ ಆ ಮಡಿಕೆ ಮೇಲೆ ಇಸ್ತ್ರಿ ಉಜ್ಜಿದ್ದೀನಿ. ಏನು ದರಿದ್ರ ಬಟ್ಟೆ ಅಂತ ಬೈದಿದ್ದೀನಿ. ಅವತ್ತು ಮಾತ್ರ, ಅಯ್ಯೋ ಇದು ಕೈಯಲ್ವಾ ಅನ್ನಿಸ್ತು."

ಆ ಪೈಜಾಮದ ಕತೆ ಇಷ್ಟು. ಬಹಳ ಹಿಂದೆ ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಪೈಜಾಮದ ಲಾಡಿಯಿಂದ ಜೀವ ಕಳೆದುಕೊಂಡಿದ್ದರು. ಅಂದಿನಿಂದ ಲಾಡಿ ನಿಷಿದ್ಧ. ಎಲಾಸ್ಟಿಕ್ ಹಾಕಿದರೆ ಬಾಯ್ಲರಿನ ಬಿಸಿನೀರಿಗೆ ಆರೇ ಒಗೆತಕ್ಕೆ ಸತ್ತು, ಬೆಂದ ಹುರುಳಿಕಾಯಿಯಂತೆ ಜೋಲುತ್ತದೆ. ದಪ್ಪಗಿದ್ದವರಿಗೂ ಆಗಲಿ ಎಂದು ಎಲ್ಲವನ್ನೂ ನಲವತ್ತನಾಲ್ಕು ಇಂಚಿಗೇ ಕತ್ತರಿಸಬೇಕೆಂಬ ಹಳೆಯ ಆದೇಶ ಬೇರೆ. ಮಕ್ಕಳಿಗೆ ಯೂನಿಫಾರಂ ಹೊಲಿಸುವಾಗ ಎರಡು ವರ್ಷ ಬರಲಿ ಎಂದು ದೊಡ್ಡದು ಹೊಲಿಸದ ಅಪ್ಪ ಅಮ್ಮ ಯಾರಿದ್ದಾರೆ? ಆ ಮಕ್ಕಳು ಮೊದಲ ವರ್ಷವಿಡೀ ಚಡ್ಡಿ ಎಳೆದುಕೊಳ್ಳುತ್ತಲೇ ಓಡಾಡುವುದನ್ನು ನೋಡಿಯೂ ನಾವು ನೋಡಿರುವುದಿಲ್ಲ. ಇಲ್ಲಿ ಬೆಳೆದ ಗಂಡಸರು ಹಾಗೆಯೇ ಓಡಾಡುತ್ತಿದ್ದರು. ಕಾಯಿಲೆಯಲ್ಲಿ ಊಟ ಬಿಟ್ಟು ಕಡ್ಡಿಯಾದವರು.

ಅವತ್ತು ಮಧ್ಯಾಹ್ನ ಟೈಲರಮ್ಮ ಮೊದಲ ಬಾರಿಗೆ ಮೂರನೇ ವಾರ್ಡಿನ ಜಾಲರಿ ಬಾಗಿಲ ಹೊರಗೆ ನಿಂತರು. ಮಾತ್ರೆಯ ಹೊತ್ತು. ರೋಗಿಗಳ ಸಾಲು. ಇಲ್ಲಿನ ಕ್ರಮವೆಂದರೆ ಒಂದು ಕೈಗೆ ಮಾತ್ರೆ, ಇನ್ನೊಂದು ಕೈಗೆ ನೀರಿನ ಲೋಟ, ನುಂಗಿ ಬಾಯಿ ತೆರೆದು ತೋರಿಸಿ ಮುಂದೆ ಹೋಗಬೇಕು. ತೆಳ್ಳಗೆ ಎತ್ತರದ ಮೇಷ್ಟ್ರ ಸರದಿ ಬಂತು. ಬಲಗೈಗೆ ಮಾತ್ರೆ ತೆಗೆದುಕೊಂಡರು. ಲೋಟ ಚಾಚಿದಾಗ ಎಡಗೈ ಸೊಂಟ ಬಿಟ್ಟು ಬರಲಿಲ್ಲ. "ಹಿಡ್ಕೊಳ್ಳಿ, ಮೇಷ್ಟ್ರೇ," ಎಂದರು ಅಟೆಂಡರ್. ಬರಲಿಲ್ಲ. "ಮಾತ್ರೆ ಬೇಡ್ವಾ?" ಎಂದು ಇನ್ನೊಬ್ಬರು ಆ ಎಡಗೈಯನ್ನು ಹಿಡಿದು ಎಳೆದರು. ಸಿಸ್ಟರುಗಳ ಎದುರು, ಇಡೀ ಸಾಲಿನ ಎದುರು ಪೈಜಾಮ ಪಾದಕ್ಕೆ ಇಳಿಯಿತು. ಮರುಕ್ಷಣ ಮೇಷ್ಟ್ರ ಬಲಗೈ ಬೀಸಿತು. ಲೋಟ ಹಾರಿತು. ನಾಲ್ವರು ಮೇಲೆ ಬಿದ್ದರು.

ಹನ್ನೆರಡನೇ ಸಲ. ಟೈಲರಮ್ಮನ ಕೈಯಿಂದಲೇ ಹೊಲಿದ ಪಟ್ಟಿ, ಟೈಲರಮ್ಮನ ಕೈಯಿಂದಲೇ ಹೊಲಿದ ಪೈಜಾಮ.

ವಾರ್ಡಿನ ಹಿರಿಯ ಅಟೆಂಡರಿಗೆ ಪೈಲ್ವಾನ್ ಎಂದು ಹೆಸರು. ಊದಿದರೆ ಹಾರುವ ಶರೀರ, ಅದಕ್ಕೇ ಆ ಹೆಸರು. ಆಗಲೇ ಇಪ್ಪತ್ತಾರು ವರ್ಷದ ಸೇವೆ. ರೋಗಿಯೊಬ್ಬ ತಿರುಚಿದ ಕಿರುಬೆರಳು ಇನ್ನೂ ಸೊಟ್ಟಗಿದೆ. ಮರುದಿನ ಅವರು ಹೊಲಿಗೆ ಕೋಣೆಗೆ ಬಂದಾಗ ಟೈಲರಮ್ಮ ವಿಷಯ ಎತ್ತಿದರು.

"ಸೂಜಿ ನೀವು ನೋಡ್ಕೊಳ್ಳಿ, ವಾರ್ಡು ನಾನು ನೋಡ್ಕೋತೀನಿ, ಟೈಲರಮ್ಮ," ಎಂದರು ಪೈಲ್ವಾನ್. "ಪೈಜಾಮಕ್ಕೋಸ್ಕರ ಯಾರಾದ್ರೂ ಹೊಡೀತಾರಾ? ತಲೆ ಕೆಟ್ಟಿದೆ ಅಂತ ಹೊಡೀತಾರೆ."

"ಸರಿ. ಒಂದು ಉಪಕಾರ ಮಾಡಿ. ಈ ಪೈಜಾಮನ ನಿಮ್ಮ ಪ್ಯಾಂಟಿನ ಮೇಲೆ ಹಾಕ್ಕೊಳ್ಳಿ, ಉದ್ದ ನೋಡ್ಬೇಕು."

ಹಾಕಿಕೊಂಡರು. ಎಡಗೈಯಲ್ಲಿ ಹಿಡಿದುಕೊಂಡರು. ಟೈಲರಮ್ಮ ಅವರ ಬಲಗೈಗೆ ಒಂದು ಬಿಸ್ಕತ್ತು ಕೊಟ್ಟರು. ಆಮೇಲೆ ಹೊಗೆಯಾಡುವ ಟೀ ಲೋಟ ಚಾಚಿದರು. ಅಷ್ಟರಲ್ಲಿ ಲಾಂಡ್ರಿಯ ಇಬ್ಬರು ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು.

"ಹಿಡ್ಕೊಳ್ಳಿ, ಪೈಲ್ವಾನ್ರೇ."

"ಮೇಜಿನ ಮೇಲಿಡಿ."

"ಮೇಜಿಲ್ಲ ಅಂದ್ಕೊಳ್ಳಿ. ಟೀ ಬೇಡ್ವಾ?"

ಪೈಲ್ವಾನ್ ಅಭ್ಯಾಸಬಲದಿಂದ ಲೋಟ ಹಿಡಿದರು. ಪೈಜಾಮ ಕೆಳಗಿಳಿಯಿತು. ಒಳಗೆ ಸ್ವಂತ ಪ್ಯಾಂಟು ಭದ್ರವಾಗಿತ್ತು, ಆದರೂ ಅವರ ಮುಖಕ್ಕೆ ರಕ್ತ ನುಗ್ಗಿತು. ಲಾಂಡ್ರಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪೈಲ್ವಾನ್ ನಗಲಿಲ್ಲ. ಲೋಟ ಮೇಜಿನ ಮೇಲಿಟ್ಟು, ಪಾದದ ಸುತ್ತ ಬಿದ್ದ ಬಟ್ಟೆಯನ್ನು ಬಗ್ಗಿ ಎತ್ತಿಕೊಂಡರು.

"ಆ ನಗು ಕೇಳಿ ನನಗೇ ಯಾರಿಗಾದ್ರೂ ಒಂದು ಬಿಡ್ಬೇಕು ಅನ್ನಿಸ್ತು, ನೋಡಿ," ಎಂದು ಇಂದು ಅವರೇ ಹೇಳಿಕೊಳ್ಳುತ್ತಾರೆ. "ಇಪ್ಪತ್ತಾರು ವರ್ಷ ನಾವೆಲ್ಲ ನೋಡಿದ್ದು ಬಲಗೈನ. ಏಟು ಬರೋದು ಅಲ್ಲಿಂದ ತಾನೆ? ಎಡಗೈ ಏನು ಮಾಡ್ತಿದೆ ಅಂತ ಯಾರು ನೋಡ್ತಾರೆ?"

ಇಬ್ಬರೂ ಸೇರಿ ವಾರ್ಡಿನ ಡಾಕ್ಟರಮ್ಮನ ಬಳಿಗೆ ಹೋದರು. ಆಕೆ ಎಲ್ಲ ಕೇಳಿ, ಮೇಷ್ಟ್ರ ಕೇಸ್ ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಜನ ತನ್ನನ್ನು ವಿವಸ್ತ್ರಗೊಳಿಸಲು ಬರುತ್ತಾರೆಂಬ ಭ್ರಮೆ."

"ನನ್ನದೇ ಅಕ್ಷರ. ಅವರಿಗೆ ಬೇರೆ ಭ್ರಮೆಗಳಿದ್ದವು, ನಿಜ. ಗೋಡೆಯಿಂದ ದನಿ ಕೇಳ್ತಿತ್ತು. ಆದರೆ ಇದೊಂದು ನಿಜವಾಗಿಯೂ ನಡೀತಿತ್ತು, ಮಾತ್ರೆಯ ಸಾಲಿನಲ್ಲಿ, ನಮ್ಮ ಕಣ್ಣೆದುರೇ. ಅವರು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದರು, ನಾನು ಕಾಯಿಲೆ ಅಂತ ಬರ್ಕೊಂಡಿದ್ದೆ," ಎನ್ನುತ್ತಾರೆ ಡಾಕ್ಟರಮ್ಮ. ಈ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದೇ ಇಲ್ಲ, ಎತ್ತಿದಾಗ ಮೊದಲು ಕೇಳಬೇಕಾದ್ದು ಅದಕ್ಕೆ ಮುಂಚಿನ ಒಂದು ನಿಮಿಷದಲ್ಲಿ ಏನಾಯಿತು ಎಂದು, ಅಷ್ಟು ಪುರುಸೊತ್ತು ನಮಗಿರುವುದಿಲ್ಲ ಎಂದೂ ಸೇರಿಸುತ್ತಾರೆ.

ಅಪ್ಪಣೆ ಸಿಕ್ಕಿತು. ಲಾಡಿ ಕೂಡದು, ಲೋಹ ಕೂಡದು, ನುಂಗುವಂಥ ಗುಂಡಿ ಕೂಡದು, ಬಾಯ್ಲರಿಗೆ ಬೇಯಬಾರದು. ಇಷ್ಟರೊಳಗೆ ಏನು ಬೇಕಾದರೂ ಮಾಡಿ.

ಟೈಲರಮ್ಮ ಮೊದಲು ಮಾಡಿದ್ದು ತಪ್ಪು. ಮಕ್ಕಳ ಬೂಟುಗಳಿಗೆ ಇರುವಂಥ ಅಂಟುಪಟ್ಟಿಯ ಸುರುಳಿ ಕೋಣೆಯಲ್ಲೇ ಇತ್ತು. ಅದನ್ನು ಎರಡು ಪೈಜಾಮಗಳ ಸೊಂಟಕ್ಕೆ ಹೊಲಿದರು. ಅಚ್ಚುಕಟ್ಟಾಗಿ ಕೂತಿತು. ಗುರುವಾರ ಮಧ್ಯಾಹ್ನ ಒಂದನ್ನು ಮೇಷ್ಟ್ರಿಗೆ, ಇನ್ನೊಂದನ್ನು ಪಕ್ಕದ ಮಂಚದವರಿಗೆ ಕೊಟ್ಟು, ಹೆಮ್ಮೆಯಿಂದ ಜಾಲರಿಯಾಚೆ ನಿಂತರು. ಪಕ್ಕದ ಮಂಚದವರು ಸಡಿಲ ಮಾಡಿಕೊಳ್ಳಲೆಂದು ಪಟ್ಟಿ ಎಳೆದರು. ಚರ್ರ್ ಎಂಬ ಸದ್ದು.

ವಾರ್ಡು ಪೂರ್ತಿ ಸೆಟೆದು ನಿಂತಿತು. ಒಬ್ಬರು ಎರಡೂ ಮಣಿಕಟ್ಟುಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು. ಇನ್ನೊಬ್ಬರು ಕಿರುಚಿದರು. ಮೇಷ್ಟ್ರು ಮಂಚದ ಕೆಳಗೆ ನುಗ್ಗಿದರು. ಕಟ್ಟುಪಟ್ಟಿಯನ್ನು ಬಿಗಿಯುವುದೂ ಅದೇ ಅಂಟುಪಟ್ಟಿಯಿಂದ. ಅದೇ ಸುರುಳಿ, ಅದೇ ಸದ್ದು. ಹದಿನೆಂಟು ವರ್ಷ ಅದನ್ನು ಹೊಲಿದ ಕೈಗೆ ಆ ಸದ್ದಿನ ಅರ್ಥ ಗೊತ್ತಿರಲಿಲ್ಲ.

"ಓಡಿಹೋಗಿ ಬಾಯ್ಲರಿನ ಹಿಂದೆ ನಿಂತು ಅತ್ತೆ," ಎನ್ನುತ್ತಾರೆ. "ಆ ತಾಯಿ ಮಗನ್ನ ನಾನೇ ಬಸ್ಸು ಹತ್ತಿಸಿಬಿಟ್ಟೆ ಅಂದ್ಕೊಂಡೆ."

ಘಟನೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕಾದವರು ಪೈಲ್ವಾನ್. "ಮತ್ತೆ ಕೆರಳಿದರು" ಎಂದು ಎರಡು ಪದ ಗೀಚಿದ್ದರೆ ಮುಂದಿನ ವಾರದ ಸಮಿತಿಗೆ ಬೇರೇನೂ ಬೇಕಿರಲಿಲ್ಲ. ಅಟೆಂಡರುಗಳು ಬರೆಯುವುದೂ ಹಾಗೆಯೇ. ಪೈಲ್ವಾನ್ ಅಂದು ಪೆನ್ನು ಹಿಡಿದು ಕಾಲು ಗಂಟೆ ಕೂತರು. ಆ ಸಾಲು ಈಗಲೂ ರಿಜಿಸ್ಟರಿನಲ್ಲಿದೆ. "ಅಂಟುಪಟ್ಟಿಯ ಸದ್ದಿಗೆ ಹೆದರಿ ಮಂಚದ ಕೆಳಗೆ ಹೋದರು. ಯಾರ ಮೇಲೂ ಕೈ ಮಾಡಲಿಲ್ಲ. ತಪ್ಪು ನಮ್ಮದು."

ಮನೆಯಲ್ಲಿ ಟೈಲರಮ್ಮನಿಗೆ ಎಂಬತ್ತೊಂದು ವರ್ಷದ ಅತ್ತೆ ಇದ್ದಾರೆ. ಕಣ್ಣು ಮಂದವಾಗಿದೆ, ನಾಲಿಗೆ ಮಂದವಾಗಿಲ್ಲ. ಶನಿವಾರ ಸೊಸೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತದ್ದು ಅವರಿಗೆ ಸದ್ದಿನಿಂದಲೇ ತಿಳಿಯಿತು.

"ಏನೇ, ಸಾರು ಅಷ್ಟು ಕೆಟ್ಟದಾಗಿದೆಯಾ? ನೀನೇ ಮಾಡಿದ್ದು."

"ಸದ್ದಿಲ್ಲದೆ ನಿಲ್ಲೋ ಪೈಜಾಮ ಬೇಕು, ಅತ್ತೆ. ಗುಂಡಿ ಇರಬಾರದು, ಲಾಡಿ ಇರಬಾರದು."

"ನಿನ್ನ ಗಂಡ ತೊಟ್ಟಿಲಲ್ಲಿದ್ದಾಗ ಕೈಗೆ ಸಿಕ್ಕಿದ್ದೆಲ್ಲ ನುಂಗೋನು. ಈಗಲೂ ಹಾಗೇ, ಬಿಡು. ಅವನ ಅಂಗಿಗೆ ನಾನು ಗುಂಡಿ ಹಾಕ್ತಿದ್ನಾ? ಬಟ್ಟೇನೇ ಹೊಸೆದು ಗಂಟು ಹಾಕ್ತಿದ್ದೆ. ಒಂದು ಚೂರು ಬಟ್ಟೆ ಕೊಡು ಇಲ್ಲಿ."

ಅಂಗುಲಗಲದ ಬಟ್ಟೆಯನ್ನು ಓರೆಯಾಗಿ ಹೊಸೆದು, ತನ್ನೊಳಗೇ ಎರಡು ಸಲ ತೂರಿಸಿ ಎಳೆದರೆ ಗಟ್ಟಿ ಉಂಡೆಯಂಥ ಗಂಟು. ಅದನ್ನೇ ಸೊಂಟಪಟ್ಟಿಗೆ ಬಿಗಿಯಾಗಿ ಹೊಲಿದು, ಎದುರಿಗೆ ಬಟ್ಟೆಯ ಎರಡು ಪುಟ್ಟ ಕುಣಿಕೆ. ಒಂದು ಊಟಕ್ಕೆ ಮುಂಚೆ, ಒಂದು ಊಟವಾದ ಮೇಲೆ ಎಂದರು ಅತ್ತೆ. ಸದ್ದಿಲ್ಲ, ಲೋಹವಿಲ್ಲ, ಕುದಿಸಿದಷ್ಟೂ ಬಿಗಿಯಾಗುತ್ತದೆ. ಭಾನುವಾರ ಸಂಜೆಯೊಳಗೆ ಅತ್ತೆ ಕಣ್ಣು ಮುಚ್ಚಿಕೊಂಡೇ ಅರವತ್ತು ಗಂಟು ಹಾಕಿದರು. ಟೈಲರಮ್ಮನ ಗಂಡನೂ ಕೂತು ನಾಲ್ಕು ಹಾಕಿದರು. ಅವು ನಾಲ್ಕೂ ಬಿಚ್ಚಿಕೊಂಡವು.

ಇನ್ನು ಅಳತೆ. ಸೋಮವಾರ ಬೆಳಿಗ್ಗೆ ಟೇಪನ್ನು ಎಂದಿನಂತೆ ಕೊರಳಿಗೆ ಹಾಕಿಕೊಂಡು ಹೊರಟ ಟೈಲರಮ್ಮ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಜೋಲಾಡುವ ಪಟ್ಟಿ ಹಿಡಿದು ಸೊಂಟಕ್ಕೆ ಕೈ ಹಾಕಲು ಬರುವ ಇನ್ನೊಬ್ಬರು. ಮೇಷ್ಟ್ರಿಗೆ ಕಾಣುವುದು ಅಷ್ಟೇ ಅಲ್ಲವೇ? ಗುರುವಾರ ಕಲಿಸಿದ ಪಾಠ ಅದು. ವಾಪಸು ಹೋಗಿ ಟೇಪನ್ನು ಡಬ್ಬಿಯಲ್ಲಿಟ್ಟುಕೊಂಡು ಬಂದರು. ದೂರ ಕೂತು, ಡಬ್ಬಿಯನ್ನು ನೆಲದ ಮೇಲೆ ಮೆಲ್ಲಗೆ ಮುಂದೆ ಜಾರಿಸಿದರು.

"ಮೇಷ್ಟ್ರೇ, ಲೆಕ್ಕ ನಿಮ್ಮ ಕೆಲಸ. ನೀವೇ ಅಳೆದು ಹೇಳಿ."

ಬಹಳ ಹೊತ್ತಿನ ಮೇಲೆ ಮೇಷ್ಟ್ರು ಬಲಗೈಯಿಂದಲೇ ಟೇಪು ತೆಗೆದರು. ಗೋಡೆಗೆ ಸೊಂಟ ಒತ್ತಿ ಪೈಜಾಮ ಜಾರದಂತೆ ನಿಲ್ಲಿಸಿ, ಸುತ್ತಿ, ಬಗ್ಗಿ ಓದಿದರು.

"ಇಪ್ಪತ್ತೊಂಬತ್ತೂವರೆ. ಇದು ಎಷ್ಟಿದೆ?"

"ನಲವತ್ತನಾಲ್ಕು."

ಮೇಷ್ಟ್ರ ತುಟಿಗಳು ಅಲುಗಿದವು. "ಹದಿನಾಲ್ಕೂವರೆ," ಎಂದರು. ಎರಡು ತಿಂಗಳಲ್ಲಿ ಅವರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ. "ಹದಿನಾಲ್ಕೂವರೆ ಇಂಚು. ಅಷ್ಟನ್ನ ನಾನು ಕೈಯಲ್ಲಿ ಹಿಡ್ಕೊಂಡಿದ್ದೆ. ಹಗಲೂ ಹಿಡ್ಕೊಂಡಿದ್ದೆ, ಮಲಗಿದಾಗಲೂ ಹಿಡ್ಕೊಂಡಿದ್ದೆ."

ಮಂಗಳವಾರ ಬೆಳಿಗ್ಗೆ ಮೂವತ್ತು ಇಂಚಿನ ಪೈಜಾಮ ತಯಾರಾಯಿತು. ಮಧ್ಯಾಹ್ನದ ಸಾಲಿನಲ್ಲಿ ಮೇಷ್ಟ್ರು ಹತ್ತೊಂಬತ್ತನೆಯವರು. ಮಾತ್ರೆಯ ಮೇಜಿನ ಬಳಿ ಪೈಲ್ವಾನ್ ತಾವೇ ನಿಂತಿದ್ದರು. ಉಳಿದ ಅಟೆಂಡರುಗಳಿಗೆ ನಾಲ್ಕು ಹೆಜ್ಜೆ ಹಿಂದಿರಲು ಹೇಳಿದ್ದರು. ಬಲಗೈಗೆ ಮಾತ್ರೆ. ಪೈಲ್ವಾನ್ ಲೋಟ ಚಾಚಿ ಬಾಯಿ ಮುಚ್ಚಿಕೊಂಡರು. ಹಿಡ್ಕೊಳ್ಳಿ ಎನ್ನಲಿಲ್ಲ. ಮೇಷ್ಟ್ರ ಎಡಗೈ ಸೊಂಟದ ಮೇಲೆಯೇ ಇತ್ತು. ಒಂದು ಬೆರಳು ಬಿಟ್ಟರು. ಇನ್ನೊಂದು ಬಿಟ್ಟರು. ಐದೂ ಬಿಟ್ಟು, ಕೈಯನ್ನು ಒಂದಂಗುಲ ದೂರದಲ್ಲಿ ಹಾಗೇ ಹಿಡಿದು ಕಾದರು. ಪೈಜಾಮ ನಿಂತಲ್ಲೇ ನಿಂತಿತ್ತು.

ಮೇಷ್ಟ್ರು ಲೋಟ ತೆಗೆದುಕೊಂಡರು. ನುಂಗಿದರು. ಬಾಯಿ ತೆರೆದು ತೋರಿಸಿದರು. ಆಮೇಲೆ ಯಾರೂ ಹೇಳದಿದ್ದರೂ ಎರಡೂ ಕೈಗಳನ್ನು ಮೇಲಕ್ಕೆತ್ತಿ, ತರಗತಿಯಲ್ಲಿ ನಿಂತವರಂತೆ ಸುತ್ತ ನೋಡಿದರು. ಸಾಲಿನ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಚಪ್ಪಾಳೆ ತಟ್ಟಲು ಎರಡು ಕೈ ಬೇಕು, ಹಾಗಾಗಿ ಕೆಲವರು ಮಂಚ ತಟ್ಟಿದರು. ಜಾಲರಿಯಾಚೆ ನಿಂತ ಟೈಲರಮ್ಮನಿಗೆ ಆ ಮಂಚ ತಟ್ಟಿದವರ ಲೆಕ್ಕ ಮುಖ್ಯವಾಯಿತು. ಒಂಬತ್ತು ಜನ. ಮರುದಿನದಿಂದ ಅವರ ಅಳತೆ ಶುರು.

ಶುಕ್ರವಾರ ಸಮಿತಿ ಸೇರಿತು. ಮೂರೇ ದಿನದ ಶಾಂತಿಯನ್ನು ನಂಬುವುದು ಹೇಗೆ ಎಂದು ಒಬ್ಬರು ಕೇಳಿದರು, ಕೇಳಬೇಕಾದ್ದೇ. ಡಾಕ್ಟರಮ್ಮ ರಿಜಿಸ್ಟರಿನ ಆ ಸಾಲನ್ನು ಓದಿದರು, ತಮ್ಮದೇ ಹಳೆಯ ಸಾಲನ್ನೂ ಓದಿದರು. ವರ್ಗಾವಣೆಯನ್ನು ಒಂದು ತಿಂಗಳು ತಡೆಹಿಡಿಯಲಾಯಿತು. ಆ ತಿಂಗಳು ಮೇಷ್ಟ್ರು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲಿಲ್ಲ, ಒಂದು ಸಲವೂ ಕಟ್ಟಿಸಿಕೊಳ್ಳಲಿಲ್ಲ. ವರ್ಗಾವಣೆಯ ಕಾಗದ ಹರಿದುಹೋಯಿತು. ಏಳನೇ ವಾರ ಅವರು ತಾಯಿಯ ಕೈಹಿಡಿದು ಮುಖ್ಯ ದ್ವಾರದಿಂದ ಹೊರಗೆ ನಡೆದರು. ನಿಧಾನವಾಗಿ ನಡೆದದ್ದು ತಾಯಿಯ ಮಂಡಿಯ ಸಲುವಾಗಿ.

"ಪೈಜಾಮದಿಂದ ಕಾಯಿಲೆ ವಾಸಿಯಾಗಲಿಲ್ಲ, ಹಾಗೆಲ್ಲ ಬರೀಬೇಡಿ," ಎಂದು ಡಾಕ್ಟರಮ್ಮ ಎಚ್ಚರಿಸುತ್ತಾರೆ. "ವಾಸಿ ಮಾಡಿದ್ದು ಮಾತ್ರೆ. ಆದರೆ ಮಾತ್ರೆ ಒಳಗೆ ಹೋಗ್ಬೇಕಾದ್ರೆ ಎರಡು ಕೈ ಖಾಲಿ ಇರ್ಬೇಕಿತ್ತು."

ಮೂರನೇ ವಾರ್ಡಿನಲ್ಲಿ ಆಗ ತಿಂಗಳಿಗೆ ಮೂವತ್ತೊಂದು ಸಲ ಕಟ್ಟುಪಟ್ಟಿ ಬಳಕೆಯಾಗುತ್ತಿತ್ತು. ಈಗ ಮೂರು, ಹೆಚ್ಚೆಂದರೆ ನಾಲ್ಕು. ಕೆಲವು ಸಲ ಕಾಯಿಲೆಯೇ ಕೆರಳಿಸುತ್ತದೆ, ಆಗ ಯಾವ ಬಟ್ಟೆಯೂ ತಡೆಯುವುದಿಲ್ಲ, ಅದನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲ. ಪೈಲ್ವಾನ್ ಈಗ ಹೊಸ ಅಟೆಂಡರುಗಳಿಗೆ ತರಬೇತಿ ಕೊಡುತ್ತಾರೆ. ಮೊದಲ ದಿನ ಪ್ರತಿಯೊಬ್ಬರಿಗೂ ನಲವತ್ತನಾಲ್ಕು ಇಂಚಿನ ಹಳೆಯ ಪೈಜಾಮ ಹಾಕಿಸಿ, ಬಿಸ್ಕತ್ತು ಕೊಟ್ಟು, ಟೀ ಚಾಚುತ್ತಾರೆ. "ನಗೋರನ್ನ ಬಾಗಿಲಲ್ಲಿ ನಿಲ್ಲಿಸೋದು ಮರೆಯಲ್ಲ," ಎನ್ನುತ್ತಾರೆ.

ಐದೂ ವಾರ್ಡುಗಳ ಇನ್ನೂರ ಹದಿನಾರು ಜನರ ಸೊಂಟದಳತೆ ಟೈಲರಮ್ಮನ ಪುಸ್ತಕದಲ್ಲಿದೆ. ಔಷಧಿಯಿಂದ ಮೈ ಬರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು. ಇನ್ನೊಂದು ಮೆಷೀನು ಬಂದಿದೆ, ಅದನ್ನು ತುಳಿಯಲು ಲಾಂಡ್ರಿಯ ಹೆಂಗಸೊಬ್ಬರು ಬಂದಿದ್ದಾರೆ. ಅತ್ತೆಗೆ ಆಸ್ಪತ್ರೆಯಿಂದ ಒಂದು ಶಾಲು ಸನ್ಮಾನವಾಗಿ ಹೋಯಿತು. ಅಂಚಿನ ಹೊಲಿಗೆ ಸರಿಯಿಲ್ಲ ಎಂದು ಬೆರಳಲ್ಲೇ ಮುಟ್ಟಿ ಕಂಡುಹಿಡಿದು ಅವರು ಅದನ್ನು ಹೊದೆಯಲಿಲ್ಲ. ಟೈಲರಮ್ಮನಿಗೆ ಸನ್ಮಾನವಾಗಿಲ್ಲ. ಆಗಬೇಕೇ ಎಂದು ಕೇಳಿದರೆ, ಅಷ್ಟು ಹೊತ್ತು ಕುರ್ಚಿಯಲ್ಲಿ ಸುಮ್ಮನೆ ಕೂರುವವರು ಯಾರು ಎನ್ನುತ್ತಾರೆ.

ಮೇಷ್ಟ್ರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಸಂಜೆ ಟ್ಯೂಷನ್ ಹೇಳುತ್ತಾರಂತೆ. ಸೊಂಟ ಮೂವತ್ತಮೂರಾಗಿದೆ. ಕಳೆದ ಸಲ ತಮ್ಮ ಸ್ವಂತ ಪ್ಯಾಂಟೊಂದನ್ನು ಸಡಿಲಿಸಲು ಕೊಟ್ಟುಹೋಗಿದ್ದರು. ಇಂದು ಅದನ್ನು ತೆಗೆದುಕೊಂಡು ಹೋಗಲು ಕಿಟಕಿಯ ಬಳಿ ನಿಂತಿದ್ದಾರೆ. ಬಿಡಿಸಿ ನೋಡುತ್ತಾರೆ, ಎರಡೂ ಕಾಲುಗಳನ್ನು ಜೋಡಿಸಿ ಹಿಡಿಯುತ್ತಾರೆ, ಮುಖ ಗಂಟಿಕ್ಕುತ್ತಾರೆ.

"ಎಡಗಾಲು ಕಾಲಿಂಚು ಉದ್ದ ಇದೆ."

"ಇಲ್ಲ ಮೇಷ್ಟ್ರೇ, ಅಳೆದೇ ಹೊಲಿದಿದ್ದೀನಿ."

"ಇನ್ನೊಂದು ಸಲ ಅಳೀರಿ."

"ಸುಮ್ಮನಿರೋ, ಅವರ ಹತ್ತಿರ ಜಗಳಕ್ಕೆ ಬಿದ್ದಿದ್ದೀಯಲ್ಲ," ಎಂದು ಬೆಂಚಿನಿಂದ ತಾಯಿ ಗದರುತ್ತಾರೆ.

"ಕಾಲಿಂಚು ಅಂದ್ರೆ ಕಾಲಿಂಚು, ಅಮ್ಮ," ಎನ್ನುತ್ತಾರೆ ಮೇಷ್ಟ್ರು.

ಟೈಲರಮ್ಮ ಅಳೆಯುತ್ತಾರೆ. ಕಾಲಿಂಚು ಉದ್ದವೇ ಇದೆ. ಪ್ಯಾಂಟನ್ನು ಮರಳಿ ತೊಡೆಯ ಮೇಲೆಳೆದುಕೊಂಡು, ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಲು ಕೂರುತ್ತಾರೆ. ಬೇಸರ ಮುಖದ ಮೇಲೆ ಎಲ್ಲೂ ಇಲ್ಲ.

"ಹದಿನೆಂಟು ವರ್ಷ ಹೊಲಿದೆ. ಉದ್ದ ಆಯ್ತು, ಗಿಡ್ಡ ಆಯ್ತು ಅಂತ ಒಬ್ಬರೂ ಒಂದು ಮಾತು ಅನ್ನಲಿಲ್ಲ," ಎನ್ನುತ್ತಾರೆ, ದಾರ ಎಳೆಯುತ್ತ. "ಈಗ ನೋಡಿ, ವಾರ್ಡಿಂದ ವಾರ್ಡಿಗೆ ತಕರಾರು. ಒಬ್ಬರಿಗೆ ಬಿಗಿ, ಒಬ್ಬರಿಗೆ ಬಣ್ಣ ಹಿಡಿಸಲ್ಲ, ಇವರಿಗೆ ಕಾಲಿಂಚು. ಹೊಲಿಯೋಳಿಗೆ ಇನ್ನೇನು ಬೇಕು? ನನಗೂ ಗಿರಾಕಿಗಳಿದ್ದಾರೆ."